ನಾಚಿಕೆ ತುಂಡು

"ಬೊಯೊ ಕಚ್ತು," ಎಂದ ಎಲ್ಕಿನ್.

ಅವನು ಅಳಲಿಲ್ಲ. ಅದು ಬೇರೆ ಯಾರದೋ ಕೈ ಎಂಬಂತೆ ತನ್ನ ಕೈಯನ್ನೇ ನೋಡುತ್ತ ನಿಂತಿದ್ದ. ಹೆಬ್ಬೆರಳ ಬುಡದಲ್ಲಿ ಹಲ್ಲಿನ ಗುರುತು ಮೂಡಿ, ರಕ್ತ ಇಳಿಯತೊಡಗಿತು. ಆಮೇಲೆ ಅತ್ತ.

ಅಕ್ಕ ಯುರಾನಿಸ್‌ಗೆ ನಂಬಲಾಗಲಿಲ್ಲ. ಎಲ್ಕಿನ್ ತೆವಳುತ್ತಿದ್ದ ಕಾಲದಿಂದಲೂ ಬೊಯೊನ ಕಿವಿ ಹಿಡಿದು ಎಳೆದೇ ಬೆಳೆದವನು. ಬೊಯೊ ಅವನ ಮೂಗು ನೆಕ್ಕುತ್ತಿತ್ತೇ ಹೊರತು ಒಮ್ಮೆಯೂ ಗುರ್ ಎಂದದ್ದಿಲ್ಲ. ಎಲೆಯಲ್ಲಿ ಸುತ್ತಿ ಬೇಯಿಸಿದ ಜೋಳದ ಕಡುಬಿಗೆ ಅಲ್ಲಿ ಬೊಯೊ ಎನ್ನುತ್ತಾರೆ; ನಾಯಿಯೂ ಹಾಗೇ ಬೆಳ್ಳಗೆ, ಮೆತ್ತಗೆ ಇದೆ ಎಂದೇ ಆ ಹೆಸರು ಇಟ್ಟದ್ದು. ಈಗ ಅದು ಬಲೆಗಳ ರಾಶಿಯ ಹಿಂದೆ ಮುದುರಿ, ತನ್ನನ್ನೇ ಯಾರೋ ಕಚ್ಚಿದ ಹಾಗೆ ನಡುಗುತ್ತಿತ್ತು. ತಲೆ ಬಲಗಡೆಗೆ ವಾಲಿತ್ತು.

ಅಪ್ಪ ಸೋಪು ಹಾಕಿ ಗಾಯ ತೊಳೆದು, ಎಲ್ಕಿನ್‌ನನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದ. ವಾಪಸ್ ಬಂದಾಗ ಎಲ್ಕಿನ್ ಬ್ಯಾಂಡೇಜ್ ತೋರಿಸಿ ಬೀಗುತ್ತಿದ್ದ. ಅಪ್ಪನ ಮುಖ ಮಾತ್ರ ಗಟ್ಟಿಯಾಗಿತ್ತು.

"ಮಗೂನ ಕಚ್ಚಿದ ನಾಯಿ ಈ ಮನೇಲಿರಲ್ಲ. ದೋಣೀಲಿ ಹಾಕ್ಕೊಂಡು ಹೋಗಿ ದ್ವೀಪದಲ್ಲಿ ಮಾವನ ಹತ್ರ ಬಿಟ್ಟು ಬರ್ತೀನಿ."

"ಮಾವ ನಾಯೀನ ಯಾವಾಗ್ಲೂ ಕಟ್ಟೇ ಹಾಕ್ತಾನಪ್ಪಾ!"

"ಕಟ್ಲಿ."

"ಅದಕ್ಕೆ ಕಿವಿ ನೋವು. ಮತ್ತೆ ಸೋರ್ತಿದೆ. ಬೇಕಾದ್ರೆ ಮೂಸಿ ನೋಡು."

"ಮತ್ತೇನಾ? ವಾಸಿ ಆಯ್ತು ಅಂದಿದ್ದೆ ನೀನು!"

ಅಂದಿದ್ದು ಹೌದು. ಒಂದು ಸಲವಲ್ಲ, ಹಲವು ಸಲ.

ಅಜ್ಜಿ ತುಲಿಯಾ ಒಲೆಯ ಮುಂದಿನಿಂದಲೇ ಕೂಗಿದಳು. "ಮೊದಲು ಡಾಕ್ಟರಿಗೆ ತೋರ್ಸೋ. ನಿನಗೆ ಹಲ್ಲುನೋವು ಬಂದಾಗ ಬೀದಿಗೆಲ್ಲ ಕೇಳೋ ಹಾಗೆ ನನ್ನ ಮೇಲೆ ಕೂಗಾಡಿರ್ಲಿಲ್ವಾ?"

"ಕೂಗಾಡಿದೆ. ಕಚ್ಚಲಿಲ್ಲವಲ್ಲ."

"ಕಚ್ಚೋಕೆ ಹಲ್ಲೆಲ್ಲಿತ್ತು ನಿನಗೆ?"

ಅಪ್ಪನಿಗೆ ನಗು ಬಂತು. ಅದನ್ನು ನುಂಗಿಕೊಂಡು, "ಸರಿ, ತೋರಿಸೋಣ. ಇನ್ನೊಂದು ಸಲ ಹಲ್ಲು ಬಿಟ್ರೆ ದ್ವೀಪಕ್ಕೇ," ಎಂದ.

ಎಲ್ಲರೂ ಊಟಕ್ಕೆ ಕುಳಿತರು. ಕರಿದ ಬಾಳೆಕಾಯಿಯ ತಟ್ಟೆಯಲ್ಲಿ ಕೊನೆಗೊಂದು ತುಂಡು ಉಳಿಯಿತು. ಅದು ನಾಚಿಕೆ ತುಂಡು. ನಾಚಿಕೆ ಇದ್ದವರು ಅದನ್ನು ಮುಟ್ಟುವುದಿಲ್ಲ. ಬಾಗಿಲಿಗೆ ಬಂದವರಿಗೆ ಏನಾದರೂ ಇರಬೇಕಲ್ಲ ಎನ್ನುತ್ತಾಳೆ ಅಜ್ಜಿ. ಕಾಫಿ ಪುಡಿಯಾಗಲಿ, ಎಣ್ಣೆಯಾಗಲಿ, ಜ್ವರದ ಔಷಧಿಯಾಗಲಿ, ಆ ಮನೆಯಲ್ಲಿ ಯಾವುದನ್ನೂ ಪೂರ್ತಿ ಖಾಲಿ ಮಾಡುವಂತಿಲ್ಲ.

ಬೊಯೊನ ಕಿವಿಗೆ ಹಾಕುವ ಡ್ರಾಪ್ಸ್ ಕೂಡ ಹಾಗೇ. ಫ್ರಿಡ್ಜಿನ ಬಾಗಿಲಲ್ಲಿ ಬಾಟಲಿ ಕಾಲುಭಾಗ ತುಂಬಿ ನಿಂತಿತ್ತು.

ಪ್ರಾಣಿಗಳ ಡಾಕ್ಟರ್ ಎದಿಲ್ಮಾ ಬೊಯೊನ ಬಾಯಿಗೆ ಪಟ್ಟಿ ಕಟ್ಟಿ, ಮಂಪರು ಬರಿಸಿ, ಕಿವಿ ತೊಳೆದರು. ಹಸಿರು ಕೀವು ಬಂತು. ಬರುತ್ತಲೇ ಇತ್ತು. ಅಷ್ಟು ಚಿಕ್ಕ ಕಿವಿಯೊಳಗೆ ಇಷ್ಟೊಂದು ಎಲ್ಲಿತ್ತು ಎಂದು ಯುರಾನಿಸ್ ಬೆಚ್ಚಿಬಿದ್ದಳು. ದಿನವೂ ತಬ್ಬಿಕೊಳ್ಳುತ್ತಿದ್ದ ತಲೆ ಅದು. ಅಪ್ಪ ಮುಖ ಆಚೆ ತಿರುಗಿಸಿದ.

ಡಾಕ್ಟರ್ ಸ್ವಲ್ಪ ಕೀವನ್ನು ಟೆಸ್ಟಿಗೆ ಲ್ಯಾಬಿಗೆ ಕಳಿಸಿದರು. ರಿಪೋರ್ಟ್ ಬಂದ ದಿನ ಮತ್ತೆ ಕರೆಸಿ, ಫೋನಿನಲ್ಲಿ ಒಂದು ಫೋಟೊ ತೋರಿಸಿದರು. ಗಾಜಿನ ತಟ್ಟೆ. ಅದರ ತುಂಬ ಹಸಿರು ಕೆನೆ. ಕೆನೆಯ ಮೇಲೆ ಅಲ್ಲಲ್ಲಿ ಬಿಳಿ ಕಾಗದದ ಬಿಲ್ಲೆಗಳು.

"ಹಸಿರು ಇದ್ಯಲ್ಲ, ಅದೇ ಬೊಯೊ ಕಿವೀಲಿದ್ದ ಬ್ಯಾಕ್ಟೀರಿಯಾ. ಒಂದೊಂದು ಬಿಲ್ಲೇಲೂ ಒಂದೊಂದು ಔಷಧಿ. ಔಷಧಿ ಕೆಲಸ ಮಾಡಿದ್ರೆ ಸುತ್ತ ಏನೂ ಬೆಳೆಯಲ್ಲ, ಖಾಲಿ ಉಂಗುರ ಕಾಣುತ್ತೆ."

"ನಮ್ಮ ಡ್ರಾಪ್ಸ್ ಯಾವುದು?"

ಡಾಕ್ಟರ್ ಒಂದು ಬಿಲ್ಲೆ ತೋರಿಸಿದರು. ಅದರ ಸುತ್ತ ಉಂಗುರವೇ ಇರಲಿಲ್ಲ. ಹಸಿರು ಅದರ ಅಂಚಿಗೇ ಬಂದು ಅಂಟಿಕೊಂಡಿತ್ತು. ಯುರಾನಿಸ್ ಎರಡು ಬೆರಳಿಂದ ಫೋಟೊ ದೊಡ್ಡದು ಮಾಡಿದಳು. ಇನ್ನೂ ದೊಡ್ಡದು ಮಾಡಿದಳು. ಇಲ್ಲ.

"ಮೊದಲ ಸಲ ಡ್ರಾಪ್ಸ್ ಹಾಕಿದಾಗ ಕಡಿಮೆ ಆಗಿತ್ತಲ್ಲ ಡಾಕ್ಟರ್?"

"ಆಗಿರುತ್ತೆ. ಯಾವಾಗ ನಿಲ್ಲಿಸಿದೆ?"

"ವಾಸನೆ ಹೋದ ತಕ್ಷಣ."

"ಮತ್ತೆ ವಾಸನೆ ಬಂದಾಗ?"

"ಉಳಿದಿದ್ದನ್ನೇ ಹಾಕಿದೆ. ಹೋದ ಮೇಲೆ ಮತ್ತೆ ಎತ್ತಿಟ್ಟೆ."

"ಸಾಧು ಬ್ಯಾಕ್ಟೀರಿಯಾ ಮೊದಲು ಸಾಯ್ತವೆ. ಗಟ್ಟಿ ಇದ್ದವು ಕೊನೇಲಿ ಉಳೀತವೆ. ನೀನು ಪ್ರತಿ ಸಲ ಅವನ್ನೇ ಬಿಟ್ಟೆ. ಈಗ ಕಿವಿ ತುಂಬ ಅವುಗಳ ಮಕ್ಕಳು, ಮರಿಮಕ್ಕಳು."

ಯುರಾನಿಸ್‌ಗೆ ತಟ್ಟೆಯ ಕೊನೆಯ ತುಂಡು ನೆನಪಾಯಿತು.

"ಈ ಒಂದಕ್ಕೆ ಉಂಗುರ ಇದೆ ನೋಡು. ಚಿಕ್ಕದು, ಆದ್ರೆ ಇದೆ. ನಾನು ಕಿವಿಯೊಳಗೆ ಲೆನ್ಸ್ ಹಾಕಿ ನೋಡಿ ಸಾಕು ಅನ್ನೋವರೆಗೂ ಈ ಹೊಸ ಡ್ರಾಪ್ಸ್ ಹಾಕ್ಬೇಕು. ಇದೂ ಕೆಲಸ ಮಾಡದಿದ್ರೆ ಒಳಗಿನ ಕಿವಿದಾರೀನೇ ಕೊಯ್ದು ತೆಗೀಬೇಕಾಗುತ್ತೆ."

ತಪ್ಪು ಯಾರದು ಎಂದು ಅಪ್ಪ ಕೇಳಲಿಲ್ಲ. ಬೈದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

ಮೊದಲ ದಿನಗಳು ಕೆಟ್ಟದಾಗಿದ್ದವು. ಬಾಟಲಿ ಕಂಡರೆ ಬೊಯೊ ಬಲೆಯ ರಾಶಿಯ ಹಿಂದೆ ಓಡುತ್ತಿತ್ತು. ಅಪ್ಪ ಅದನ್ನು ತೊಡೆಗಳ ನಡುವೆ ಒತ್ತಿ ಹಿಡಿಯುತ್ತಿದ್ದ. ಯುರಾನಿಸ್ ಹನಿ ಬಿಟ್ಟು ಕಿವಿಯ ಬುಡ ತಿಕ್ಕುತ್ತಿದ್ದಳು. ಒಳಗೆ ಪಚಪಚ ಎನ್ನುತ್ತಿತ್ತು. ಬಾಯಿಗೆ ಕಟ್ಟಿದ ಪಟ್ಟಿಯೊಳಗಿಂದ ಬೊಯೊ ಗುರ್ ಎಂದಾಗ ಅಪ್ಪ ಹಿಡಿತ ಇನ್ನೂ ಬಿಗಿ ಮಾಡುತ್ತಿದ್ದ.

ಆಮೇಲೆ ವಾಸನೆ ಹೋಯಿತು. ಬೊಯೊ ಬಾಲ ಆಡಿಸುತ್ತ ಸಮುದ್ರದ ಕಡೆ ಎಳೆಯತೊಡಗಿತು. ಕಿವಿಗೆ ನೀರು ಹೋಗಬಾರದೆಂದು ಯುರಾನಿಸ್ ಹಗ್ಗ ಬಿಡಲಿಲ್ಲ.

"ವಾಸಿ ಆಯ್ತಲ್ಲೇ," ಎಂದು ಅಜ್ಜಿ ಬಾಟಲಿಗೆ ಕೈ ಚಾಚಿದಳು. "ಎತ್ತಿಡು. ಪಕ್ಕದ ಮನೆ ನಾಯೀನೂ ಕಿವಿ ಕೆರ್ಕೋತಿದೆಯಂತೆ, ಒಂದೆರಡು ಹನಿ ಕೊಡೋಣ."

"ಬೇಡ."

ಅಜ್ಜಿಗೆ ಬೇಡ ಎಂದು ಆ ಮನೆಯಲ್ಲಿ ಯಾರೂ ಅಂದಿರಲಿಲ್ಲ. ಅಜ್ಜಿಯ ಕೈ ಗಾಳಿಯಲ್ಲೇ ನಿಂತಿತು. ಎಲ್ಕಿನ್ ಬಾಯಿ ತೆರೆದು ನೋಡಿದ. ಯುರಾನಿಸ್‌ಗೂ ತನ್ನ ದನಿ ಕೇಳಿ ಗಾಬರಿಯಾಯಿತು. ಆದರೂ ಬಾಟಲಿ ಕೊಡಲಿಲ್ಲ.

"ಆ ನಾಯೀನ ಡಾಕ್ಟರ್ ನೋಡ್ಲಿ ಅಜ್ಜಿ. ಇದು ಬೊಯೊದು."

ಡಾಕ್ಟರ್ ಎದಿಲ್ಮಾ ಲೆನ್ಸ್ ಹಾಕಿ ನೋಡಿ "ಇನ್ನೂ ಇದೆ" ಎಂದರು. ಮುಂದಿನ ಸಲವೂ ಹಾಗೇ ಅಂದರು. ಅದರ ಮುಂದಿನ ಸಲ ಬಹಳ ಹೊತ್ತು ನೋಡಿದರು.

"ಸ್ವಚ್ಛವಾಗಿದೆ. ಬಲಕಿವಿ ಸ್ವಲ್ಪ ಮಂದ ಆಗಿದೆ, ಅದು ಹಾಗೇ ಉಳೀಬಹುದು. ಎಡಗಡೆಯಿಂದ ಕರಿ." ಬಾಟಲಿ ಅಲ್ಲಾಡಿಸಿದರು. "ಇವತ್ತು ಇಷ್ಟನ್ನೂ ಹಾಕಿ ಮುಗಿಸಿಬಿಡು."

ಅಪ್ಪ ದ್ವೀಪದ ಮಾತು ಎತ್ತಲಿಲ್ಲ.

ಮಾರನೆಯ ದಿನ ಊಟದ ತಟ್ಟೆಯಲ್ಲಿ ಒಂದು ತುಂಡು ಬಾಳೆಕಾಯಿ ಉಳಿಯಿತು. ಯುರಾನಿಸ್ ಅದನ್ನು ಮುಟ್ಟಲಿಲ್ಲ. ಅಜ್ಜಿ ಅದನ್ನು ಮುಚ್ಚಿಡಲು ಎದ್ದವಳು ಫ್ರಿಡ್ಜ್ ತೆರೆದಳು. ಬಾಗಿಲಲ್ಲಿ ಡ್ರಾಪ್ಸ್ ಬಾಟಲಿ ಕಾಣಲಿಲ್ಲ. ಕೊನೆಗೆ ಕಸದ ಬುಟ್ಟಿಯಲ್ಲಿ ಸಿಕ್ಕಿತು. ಬೆಳಕಿಗೆ ಹಿಡಿದಳು, ಬೋರಲು ಮಾಡಿ ಅಂಗೈಗೆ ಕುಟ್ಟಿದಳು.

"ಒಂದು ಹನೀನೂ ಬಿಟ್ಟಿಲ್ವಲ್ಲೇ! ನಾಚಿಕೆ ಆಗಲ್ವಾ ನಿನಗೆ?"

"ಇಲ್ಲ ಅಜ್ಜಿ," ಎಂದಳು ಯುರಾನಿಸ್.

ಹೊಸಿಲ ಬಳಿ ಬೊಯೊ ನಿದ್ದೆ ಮಾಡುತ್ತಿತ್ತು, ಬಲಕಿವಿಯನ್ನು ನೆಲಕ್ಕೆ ಒತ್ತಿಕೊಂಡು.