ಅಳಿಸಿದ ಒಂದು ಸಾಲು

“ನವಾಜ, ನಿಮ್ಮ ಪ್ರೋಗ್ರಾಮಿನ್ಯಾಗ ಏನರ ಬದಲ ಮಾಡೀರೇನು?”

ಆಯೇಶಾ ಕೇಳಿದ್ದು ಇದು ಮೂರನೆಯ ಸಲ. ಮಾನಿಟರಿನ ಮೇಲಿಂದ ಅವಳ ಕಣ್ಣುಗಳಷ್ಟೇ ಕಾಣುತ್ತಿದ್ದವು.

“ಇಲ್ಲ ಅಂದ್ನೆಲ್ಲ,” ಎಂದ ನವಾಜ, ಪ್ರೋಗ್ರಾಮು ತೆರೆದು ನೋಡದೆಯೇ.

ಗದಗ ಹೊಸ ಜಿಲ್ಲೆಯಾಗಿ ಆಗ ನಾಲ್ಕು ವರ್ಷ. ಯಂಕಪ್ಪನವರ ಮಣ್ಣು ಪರೀಕ್ಷೆ ಕೇಂದ್ರದಲ್ಲಿ ಇಬ್ಬರದೂ ಒಂದೇ ಫೈಲಿಗೆ ಬರೆಯುವ ಕೆಲಸ. ಆಯೇಶಾಳ ಟಿಸಿಎಲ್ ಭಾಷೆಯ ಸ್ಕ್ರಿಪ್ಟ್, ಫೈಲಿಗೆ ಹೋಗುವ ದಾರಿಯಾದ ಚಾನೆಲ್ ತೆರೆದು ರೈತನ ಹೆಸರು ಬರೆಯುತ್ತಿತ್ತು. ನವಾಜನ ಸಿ ಭಾಷೆಯ ಪ್ರೋಗ್ರಾಮು ಅದೇ ಚಾನೆಲ್ಲಿನಿಂದ ಫೈಲಿನ ಹಿಡಿಕೆ, ಅಂದರೆ ಹ್ಯಾಂಡಲ್, ಇಸಿದುಕೊಂಡು, ಹೆಸರಿನ ಕೆಳಗೆ ಮಣ್ಣಿನ ಫಲಿತಾಂಶ ಬರೆಯುತ್ತಿತ್ತು. ಊಟದ ಡಬ್ಬಿ ಹಂಚಿಕೊಳ್ಳುತ್ತ ಶುರುವಾದ ಸ್ನೇಹ ಮದುವೆ ಮಾತಿನವರೆಗೆ ಬಂದಿತ್ತು. ಈ ರವಿವಾರ ಅವನ ತಾಯಿ ಹಾಜಿರಾಬಿ ಹೆಣ್ಣು ಕೇಳಲು ಲಕ್ಷ್ಮೇಶ್ವರಕ್ಕೆ ಹೋಗುವವಳಿದ್ದಳು. ಆಯೇಶಾಳ ತಂದೆ ಇಸ್ಮಾಯಿಲಸಾಬರದು ಒಂದೇ ಹಟ: ಹುಡುಗನಿಗೆ ನೌಕರಿ ಇರಬೇಕು.

ಬೆಳಿಗ್ಗೆ ಹಿರೇವಡ್ಡಟ್ಟಿಯ ರೈತ ಮೈಲಾರಪ್ಪ ಫಲಿತಾಂಶದ ಚೀಟಿ ಹಿಡಿದು ಬಂದಿದ್ದ. “ನಂದು ಕರಿ ಎರಿ ಹೊಲರೀ. ಇದ್ರಾಗ ಕೆಂಪು ಮಸಾರಿ ಅಂತ ಐತಿ. ಯಾರ ಮಣ್ಣಿಗೆ ನನ್ನ ಹೆಸರು ಹಚ್ಚೀರಿ?”

ನೋಡಿದರೆ ಆ ವಾರದ ಎಲ್ಲ ಚೀಟಿಗಳಲ್ಲೂ ಒಬ್ಬನ ಹೆಸರಿನಡಿ ಮುಂದಿನವನ ಫಲಿತಾಂಶ. ಹೆಸರು ಬರೆಯುವವಳು ಆಯೇಶಾ ತಾನೇ? ನಾಳೆಯಿಂದ ಬರುವುದು ಬೇಡ ಎಂದುಬಿಟ್ಟಿದ್ದರು ಯಂಕಪ್ಪ.

ಅವಳು ಡ್ರಾವರ್ ಖಾಲಿ ಮಾಡತೊಡಗಿದಾಗ ನವಾಜ ಕೊನೆಗೂ ತನ್ನ ಪ್ರೋಗ್ರಾಮು ತೆರೆದ. ಹ್ಯಾಂಡಲ್ ತೆಗೆದುಕೊಳ್ಳುವ ಮೊದಲು, ಚಾನೆಲ್ಲಿನ ಬಫರಿನಲ್ಲಿ, ಅಂದರೆ ತಾತ್ಕಾಲಿಕ ಜಾಗದಲ್ಲಿ, ನಿಂತಿರುವ ಹೆಸರನ್ನು ಫೈಲಿಗೆ ಇಳಿಸುವ ಸಾಲೊಂದು ಅಲ್ಲಿರಬೇಕಿತ್ತು. ಕೆಲಸ ಜಲ್ದಿ ಆಗಲೆಂದು ಸೋಮವಾರ ಅವನೇ ಅದನ್ನು ಅಳಿಸಿ, ಮರೆತೂ ಬಿಟ್ಟಿದ್ದ. ಅವಳು ಬರೆದ ಹೆಸರು ಬಫರಿನಲ್ಲೇ ಕಾಯುತ್ತಿರುವಾಗ ಇವನ ಫಲಿತಾಂಶ ಮುಂದೆ ನುಗ್ಗಿತ್ತು. ಹಿಂದಿನಿಂದ ಇಳಿದ ಹೆಸರಿನಡಿ ಮುಂದಿನವನ ಮಣ್ಣು ಬಂದು ಕೂತಿತ್ತು.

ಹೇಳಿದರೆ ನೌಕರಿ ಹೋಯಿತು, ನೌಕರಿ ಹೋದರೆ ಆಯೇಶಾಳೂ ಕೈತಪ್ಪಿದಳು. ಸದ್ದಿಲ್ಲದೆ ಆ ಸಾಲನ್ನು ಮರಳಿ ಸೇರಿಸಿದರೆ ಯಾರಿಗೂ ಗೊತ್ತಾಗದು. ಬೆರಳು ಕೀಬೋರ್ಡಿನ ಮೇಲೆಯೇ ಇತ್ತು. ಅಷ್ಟರಲ್ಲಿ ಆಯೇಶಾ ಅವನ ಡಬ್ಬಿ ತೊಳೆದು ತಂದು, ದಿನದಂತೆ ಅವನ ಮೇಜಿನ ಮೇಲಿಟ್ಟಳು. ಅದನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ.

“ಸರ್, ತಪ್ಪು ನಂದು,” ಎಂದು ಎದ್ದು ನಿಂತ. “ಆಯೇಶಾನ ಸ್ಕ್ರಿಪ್ಟ್ ಸರಿ ಐತ್ರಿ.”

ಯಂಕಪ್ಪ ಪೂರಾ ಕೇಳಿಸಿಕೊಂಡು, “ಹಂಗಾರ ಆಕಿ ಇರ್ಲಿ, ನೀ ಹೋಗು,” ಎಂದರು.

ಹೊರಗಿನ ಬೇವಿನ ಗಿಡದವರೆಗೆ ಆಯೇಶಾ ಹಿಂದೆಯೇ ಬಂದಳು. ಅವಳ ಕಣ್ಣು ಕೆಂಪಾಗಿತ್ತು.

“ಮೂರು ಸಲ ಕೇಳಿದ್ನೆಲ್ಲ.”

“ನಂದ ತಪ್ಪಿರಬಹುದು ಅನ್ನೋ ವಿಚಾರನ ಬರ್ಲಿಲ್ಲ, ಆಯೇಶಾ. ಈಗ ಅಮ್ಮಿನ್ನ ಯಾವ ಮಾರಿ ಇಟಗೊಂಡು ಕಳಸ್ಲಿ?”

“ಅಮ್ಮಿನ್ನ ಅಷ್ಟ ಕಳಸಬ್ಯಾಡ್ರಿ. ನೀವೂ ಬರ್ರಿ. ಒಳಗ ಹೇಳಿದ್ದನ್ನ ನಮ್ಮ ಅಬ್ಬಾನ ಮುಂದನೂ ಹೇಳ್ರಿ.”

“ಅವರು ಒಲ್ಲೆ ಅಂದ್ರ?”

“ಆಮ್ಯಾಲಿನ ಮಾತು ನಂದು.” ಬಾಗಿಲ ತನಕ ಹೋಗಿ ತಿರುಗಿದಳು. ಸಿಟ್ಟು ಇಳಿದಿರಲಿಲ್ಲ, ಆದರೂ ಕಣ್ಣಂಚಿನಲ್ಲಿ ಹಳೆಯ ತುಂಟತನ ಇಣುಕಿತ್ತು. “ಆದ್ರ ಅಬ್ಬಾ ನನ್ನಂಗಲ್ಲ. ಅವರು ಒಂದ ಸಲ ಕೇಳ್ತಾರ.”