ಮೊದಲು ಗುಂಡಿ, ಆಮೇಲೆ ಕಂಪ್ಯೂಟರ್

ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಿವೃತ್ತ ಗಣಿತದ ಮೇಷ್ಟ್ರೊಬ್ಬರು ಠಾಣೆಗೆ ಬಂದು, ತೀರಿಕೊಂಡ ಹೆಂಡತಿಯ ಅಂಗೈಯಗಲದ ಹಳೇ ಆರ್ಗನೈಸರನ್ನು, ಅಂದರೆ ಎಲೆಕ್ಟ್ರಾನಿಕ್ ಡೈರಿಯನ್ನು, ಯಾರೋ ಪೂರ್ತಿ ಅಳಿಸಿದ್ದಾರೆಂದು ದೂರು ಕೊಟ್ಟರು. ಹೊತ್ತುಹೊತ್ತಿಗೆ ಕೀ ಎಂದು ಕೂಗಿ, "ಮಾತ್ರೆ ತಗೊಳ್ಳಿ", "ಊಟಕ್ಕೇಳಿ" ಎಂದು ಆಕೆ ಬರೆದಿಟ್ಟ ಮಾತು ತೋರಿಸುತ್ತಿದ್ದ ಯಂತ್ರ ಅದು. ಮನೆಯ ಲಿನಕ್ಸ್ ಕಂಪ್ಯೂಟರಿನಲ್ಲಿದ್ದ ಅದರ ಪ್ರತಿಯೂ ಖಾಲಿ. ಅನುಮಾನ ಅವರನ್ನು ನೋಡಿಕೊಳ್ಳಲು ಮನೆಗೆ ಬರುವ ನರ್ಸಮ್ಮನ ಮೇಲೆ. ಅದರ ಕೂಗು ಕೇಳಿದಾಗಲೆಲ್ಲ ಅವಳು ಸಿಡುಕುತ್ತಿದ್ದಳಂತೆ.

ಇದೂ ಒಂದು ಕೇಸಾ ಎಂದು ಮುಖ್ಯ ಪೇದೆ ಗೊಣಗಿದರು. ಮೇಷ್ಟ್ರು ಕದಲಲಿಲ್ಲ. ಎಫ್‌ಐಆರ್ ದಾಖಲಾಯಿತು, ನರ್ಸಮ್ಮನನ್ನು ಕರೆಸಿ ಬೆಂಚಿನ ಮೇಲೆ ಕೂರಿಸಿದರು. ಅವಳನ್ನು ಕಳಿಸುತ್ತಿದ್ದ ಏಜೆನ್ಸಿಯವರು ಆಗಲೇ ಕೆಲಸದಿಂದ ನಿಲ್ಲಿಸಿದ್ದರು. ಕೇಸು ಅಂಟಿಕೊಂಡರೆ ಇನ್ನು ಯಾವ ಮನೆಯವರೂ ಅವಳನ್ನು ಒಳಗೆ ಸೇರಿಸರು. ಪಾಪ, ಅಳುವುದಕ್ಕೂ ಹೆದರಿ ಕೂತಿದ್ದಳು.

ಮಧ್ಯಾಹ್ನ ಇನ್‌ಸ್ಪೆಕ್ಟರ್ ಪೇದೆಯ ಜೊತೆ ಮೇಷ್ಟ್ರ ಮನೆಗೆ ಹೋಗಿ ಪಂಚನಾಮೆ ಮಾಡಿದರು. ಆರ್ಗನೈಸರ್ ಕಂಪ್ಯೂಟರಿಗೆ ತಂತಿ ಎಳೆದ ತನ್ನ ಸ್ಟ್ಯಾಂಡಿನಲ್ಲಿ ಕೂತಿತ್ತು. ಬ್ಯಾಟರಿ ತೆಗೆದಿಟ್ಟರೆ ಅದರ ನೆನಪೆಲ್ಲ ಹೋಗುತ್ತದೆ. ಹಾಗೆ ಬರಿದು ಮಾಡಿ, ಕಂಪ್ಯೂಟರಿಗೆ ಜೋಡಿಸಿ, ಅಲ್ಲಿನ ಪ್ರತಿಯ ಮೇಲೂ ಖಾಲಿಯನ್ನೇ ಬರೆಸಿದ್ದಾರೆ ಎಂದು ಮೇಷ್ಟ್ರು ವಿವರಿಸಿದರು. ಭಾನುವಾರ ಸಂಜೆ, ಅವರು ವಾಕಿಂಗ್ ಹೋಗಿದ್ದಾಗ ನಡೆದದ್ದು. ಆಗ ಮನೆಯಲ್ಲಿ ನರ್ಸಮ್ಮ ಇದ್ದಳು, ಮಗಳೂ ಇದ್ದಳು.

ಮಗಳನ್ನು ಕೇಳಿದರೆ, ತಾನು ಅದನ್ನು ಯಾವತ್ತೂ ಮುಟ್ಟಿದವಳೇ ಅಲ್ಲ ಎಂದಳು. ಒಮ್ಮೆ ಕೇಳಿದ್ದಕ್ಕೆ ಎರಡು ಸಲ ಹೇಳಿದಳು. ಇನ್‌ಸ್ಪೆಕ್ಟರ್ ತಲೆಗೆ ಹುಳ ಹೊಕ್ಕಿತು.

ಹೊಸಬರಿಗೆ ಈ ಕೆಲಸ ಸಾಧ್ಯವೇ ನೋಡೋಣವೆಂದು ಅವರು ಯಂತ್ರದ ಕೈಪಿಡಿ ತೆರೆದು ತಾವೇ ಕೂತರು. ಕೈಪಿಡಿಯಂತೆ ಮೊದಲು ಕಂಪ್ಯೂಟರಿಗೆ ಆಜ್ಞೆ, ಆಮೇಲೆ ಸ್ಟ್ಯಾಂಡಿನ ಗುಂಡಿ. ಸಾಧನ ಸಿಗುತ್ತಿಲ್ಲ ಎಂದಿತು ಕಂಪ್ಯೂಟರ್. ಮತ್ತೆ ಮಾಡಿದರು, ಮತ್ತೆ ಅದೇ ರಾಗ. ಪೇದೆ ಆಕಳಿಸಿದರು. ಬಾಗಿಲಲ್ಲಿ ನಿಂತಿದ್ದ ಮಗಳಿಗೆ ತಡೆಯಲಾಗಲಿಲ್ಲ.

"ಹಾಗಲ್ಲ ಸಾರ್. ಇದರಲ್ಲಿ ಮೊದಲು ಗುಂಡಿ, ಆಮೇಲೆ ಕಂಪ್ಯೂಟರ್."

"ಮುಟ್ಟೇ ಇಲ್ಲ ಅಂದ್ರಲ್ಲಮ್ಮ?"

ಅವಳು ಒಳಗೆ ಬಂದು ಅಪ್ಪನ ಕಡೆ ಬೆರಳು ತೋರಿಸಿದಳು.

"ನಾನು ತಟ್ಟೆ ಹಿಡ್ಕೊಂಡು ಕರೆದ್ರೆ ಏಳಲ್ಲ ಸಾರ್, ಅದು ಕೂಗಿದ್ರೆ ಏಳ್ತಾರೆ. ಹೋದೋಳು ನನ್ನಮ್ಮನೂ ಹೌದು ಅನ್ನೋದು ಅಪ್ಪಂಗೆ ಒಂದು ದಿನಾನೂ ಹೊಳೀಲಿಲ್ಲ."

ನರ್ಸಮ್ಮನ ಮೇಲೆ ದೂರು ಹೋಗುತ್ತದೆಂದು ಅವಳು ನೆನೆಸಿರಲಿಲ್ಲ. ಹೋದಮೇಲೆ ಬಾಯಿ ಬಿಡಲು ಧೈರ್ಯ ಸಾಲಲಿಲ್ಲ.

ಇನ್‌ಸ್ಪೆಕ್ಟರ್ ಮೊದಲು ಠಾಣೆಗೆ ಫೋನ್ ಮಾಡಿ ನರ್ಸಮ್ಮನನ್ನು ಬಿಡಿಸಿದರು, ಏಜೆನ್ಸಿಯವರ ಹತ್ತಿರವೂ ತಾವೇ ಮಾತಾಡಿದರು. ಆಮೇಲೆ ಮಗಳನ್ನು ಬಂಧಿಸಿದರು. ಮೇಷ್ಟ್ರು ದೂರು ವಾಪಸ್ ತಗೊಳ್ತೀನಿ ಎಂದು ಅಂಗಲಾಚಿದರು. ಅದು ಇನ್ನು ಕೋರ್ಟಿಗೆ ಬಿಟ್ಟದ್ದು, ಜಾಮೀನಿಗೆ ಬೇಕಾದರೆ ಬನ್ನಿ ಎಂದರು ಇನ್‌ಸ್ಪೆಕ್ಟರ್.

ಮೇಷ್ಟ್ರು ಬರಿಗಾಲಲ್ಲೇ ಜೀಪು ಹತ್ತಿ ಮಗಳ ಪಕ್ಕ ಕೂತರು. ಬಹಳ ಹೊತ್ತು ಇಬ್ಬರೂ ಅತ್ತರು.

"ನಿಂಗೆ ಅಮ್ಮ ಏನೇನು ಹೇಳ್ತಿದ್ಲು?" ಎಂದು ಅವರು ಅವಳನ್ನು ಮೊದಲ ಸಲ ಕೇಳಿದರು.