ಕಿತ್ತ ವೈರ್

ನನ್ನ ಗೆಳೆಯ ಸಂಕರ್ಷಣ ಶಂಕರಪುರದ ಮನೆಯಲ್ಲಿ ಹವ್ಯಾಸಕ್ಕೆಂದು ಲೇಸರ್ ಕಟಿಂಗ್ ಮೆಷಿನ್ ಇಟ್ಟಿದ್ದಾನೆ. ಆರಾಧನಾಳ ಸಂಗೀತದ ಕ್ಲಾಸಿಗೆ ಅವಳ ಹೆಸರಿನ ಮರದ ಬೋರ್ಡ್ ಕೊರೆಯುವಾಗ ಅದು ಅರ್ಧಕ್ಕೇ ನಿಂತಿತು. ರಿಪೇರಿಗೆ ನನ್ನನ್ನೇ ಕರೆದ. ಅವಳನ್ನು ಅವನಿಗಿಂತ ಮೊದಲು ಇಷ್ಟಪಟ್ಟವನು ನಾನು.

ಪ್ಲಗ್ ಕಿತ್ತು, ಹಿಂದಿನ ಮುಚ್ಚಳ ಬಿಚ್ಚಿದೆ. ಲೇಸರ್ ಟ್ಯೂಬಿಗೆ ಹೋಗುವ ವೈರ್ ಸುಟ್ಟಿತ್ತು. ಒಳಗೊಳಗೇ ಖುಷಿಪಟ್ಟು ಅದನ್ನು ಎಳೆದು ತೆಗೆದೆ.

“ಸಾರಿ ಸರ್, ಪೇಷೆಂಟ್ ಹೋಗ್ಬಿಟ್ರು,” ಎಂದೆ, ಡಾಕ್ಟರ್ ದನಿಯಲ್ಲಿ.

“ಆಟ ಆಡ್ಬೇಡ ಮಗಾ, ನಾಳೆ ಅವಳ ಕ್ಲಾಸ್ ಶುರು.”

ಅಷ್ಟರಲ್ಲಿ ಮರ ಸುಟ್ಟ ವಾಸನೆ ಬಂತು. ಹಲಗೆಯ ಮೇಲೆ ಅವಳ ಹೆಸರಿನ ಉಳಿದ ಅಕ್ಷರಗಳು ಮೂಡುತ್ತಿದ್ದವು. ಪ್ಲಗ್ ನೆಲದ ಮೇಲೇ ಇತ್ತು. ನನ್ನ ಕೈಯಲ್ಲಿದ್ದ ವೈರ್ ಬಿಸಿಯಾಗುತ್ತಿತ್ತು.

ಆ ವೈರ್ ಈಗ ನನ್ನ ಸ್ಕೂಟರ್ ಡಿಕ್ಕಿಯಲ್ಲಿದೆ. ಸಂಕರ್ಷಣ ಅವಳ ಮನೆಗೆ ಹೋದನೇ ಎಂದು ನಾನು ಯಾರನ್ನೂ ಕೇಳುವುದಿಲ್ಲ. ಅವನು ಅಲ್ಲಿಗೆ ಹೋದ ದಿನ ಸಂಜೆ ವೈರ್ ತಾನಾಗಿಯೇ ಬಿಸಿಯಾಗುತ್ತದೆ.